ಎಡಪುಟದಲ್ಲಿ ಹಿತ್ತಿಲು, ಬಲಪುಟದಲ್ಲಿ ಕಾದಂಬರಿ

ಸಿಹಿಗುಂಬಳದ ಹೂವು ಅರಳುವುದು ಬೆಳಗಿನ ಜಾವ. ನಾನು ಬರೆಯಲು ಕೂರುವುದೂ ಬೆಳಗಿನ ಜಾವವೇ. ಮೊದಲ ಕಾದಂಬರಿಗೆ ಹಿಡಿದ ನಾಲ್ಕೂವರೆ ವರ್ಷಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಯಾವುದು ಎಂದು ಯಾರಾದರೂ ಕೇಳಿದರೆ ಈ ಎರಡು ವಾಕ್ಯಗಳನ್ನೇ ಹೇಳುತ್ತೇನೆ. ಪಾತ್ರಗಳ ಚಿಂತೆ, ಭಾಷೆಯ ಚಿಂತೆ, ಕಥೆಯ ಕಾಲದ ಚಿಂತೆ ಎಲ್ಲವೂ ಅದರ ಅನಂತರದವು.

ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಅಡಿಕೆ ತೋಟವನ್ನು ಮನೆಯವರು ನೋಡಿಕೊಳ್ಳುತ್ತಾರೆ. ಮನೆಯ ಹಿಂದಿನ ಹತ್ತು ಗುಂಟೆಯಷ್ಟು ಹಿತ್ತಿಲು ಮೊದಲು ಅತ್ತೆಯವರದಾಗಿತ್ತು, ಈಗ ನನ್ನದು. ಬಚ್ಚಲು ನೀರು ಹರಿಯುವ ಕಡೆ ಬಸಳೆ, ಕೆಸು, ಎರಡು ಬಾಳೆ ಹಿಂಡಿಲು. ಬಾವಿಯ ಪಕ್ಕದಲ್ಲಿ ಬದನೆ, ಮೆಣಸು, ಬೆಂಡೆ. ಅಡಿಕೆ ದಬ್ಬೆಯ ಚಪ್ಪರದ ಮೇಲೆ ಹೀರೆ, ಹಾಗಲ, ಪಡವಲ, ಸೋರೆ. ಅಂಗಳದ ಅಂಚಿನ ಉದ್ದಕ್ಕೂ ಡೇರೆ, ಅಂದರೆ ಡೇಲಿಯಾ, ಹೂವಿನ ಸಾಲು. ಕೊನೆಯಲ್ಲಿ, ಗದ್ದೆಗೆ ಇಳಿಯುವ ದರೆಯ ಕೆಳಗೆ, ಬೇಸಿಗೆಯಲ್ಲಿ ಮಾತ್ರ ಮೊಗೆಕಾಯಿ, ಅಂದರೆ ಸಾಂಬಾರು ಸೌತೆ. ಮನೆಯ ಅಡಿಗೆಗೆ ವರ್ಷದಲ್ಲಿ ಎಂಟು ತಿಂಗಳು ಪೇಟೆಯ ತರಕಾರಿ ಬೇಕಾಗುವುದಿಲ್ಲ. ಹಾಗೆಂದರೆ ಆ ಎಂಟು ತಿಂಗಳೂ ಹಿತ್ತಿಲು ನನ್ನನ್ನು ಕರೆಯುತ್ತಲೇ ಇರುತ್ತದೆ ಎಂದೂ ಆಯಿತು.

2017ರ ದೀಪಾವಳಿಯ ಮರುದಿನ ನಾನು ಕಾದಂಬರಿಯನ್ನು ಆರಂಭಿಸಿದೆ. ಅದೇ ದಿನ ಇನ್ನೂರು ಪುಟದ ಒಂದು ನೋಟ್‌ಬುಕ್ಕನ್ನೂ ತೆರೆದು, ಎಡಪುಟದಲ್ಲಿ ಹಿತ್ತಿಲಿನಲ್ಲಿ ಅಂದು ಮಾಡಿದ ಕೆಲಸವನ್ನು, ಬಲಪುಟದಲ್ಲಿ ಅಂದು ಬರೆದ ಪುಟಗಳ ಲೆಕ್ಕವನ್ನು ಗುರುತು ಹಾಕಲು ತೊಡಗಿದೆ. ಹಿತ್ತಿಲು ನನ್ನ ಬರವಣಿಗೆಯ ಎಷ್ಟು ಹೊತ್ತನ್ನು ನುಂಗುತ್ತಿದೆ ಎಂಬುದನ್ನು ತಿಳಿಯುವುದೇ ಆಗಿನ ಉದ್ದೇಶವಾಗಿತ್ತು. ಹಿತ್ತಿಲಿನ ಮೇಲೆ ನನಗೆ ಪ್ರೀತಿಯಿದ್ದರೂ ಆ ದಿನಗಳಲ್ಲಿ ಅದನ್ನು ಬರವಣಿಗೆಯ ಎದುರಾಳಿ ಎಂದೇ ಭಾವಿಸಿದ್ದೆ. ದೀಪಾವಳಿಯಿಂದ ದೀಪಾವಳಿಗೆ ಒಂದರಂತೆ ಏಳು ನೋಟ್‌ಬುಕ್‌ಗಳು ತುಂಬಿವೆ. ಈಗ ಎಂಟನೆಯದರಲ್ಲಿ ಬರೆಯುತ್ತಿದ್ದೇನೆ. ಅವುಗಳನ್ನು ಮೊನ್ನೆ ಒಟ್ಟಿಗೆ ಹರಡಿಕೊಂಡು ನೋಡಿದಾಗ ನನ್ನ ಊಹೆ ಎಷ್ಟು ತಪ್ಪಾಗಿತ್ತೆಂಬುದು ಕಂಡಿತು. ಈ ಬರಹಕ್ಕೆ ಅದೇ ಕಾರಣ.

ಮೊದಲು ಗುಂಬಳದ ವಿಷಯವನ್ನು ಹೇಳಿಬಿಡುತ್ತೇನೆ. ಮಳೆ ಹಿಡಿದು ಹುಯ್ಯುವ ದಿನಗಳಲ್ಲಿ ಜೇನು ಗೂಡು ಬಿಟ್ಟು ಹೊರಡುವುದಿಲ್ಲ. ಅಡಿಯಲ್ಲಿ ಗೋಲಿಯಷ್ಟು ಎಳೆಯ ಮಿಡಿಯನ್ನು ಹೊತ್ತ ಹೆಣ್ಣು ಹೂವು ಅರಳಿ, ಕಾದು, ಹತ್ತು ಗಂಟೆಯ ಹೊತ್ತಿಗೆ ಮುದುಡಿಬಿಡುತ್ತದೆ. ನಾಲ್ಕು ದಿನ ಕಳೆಯುವುದರೊಳಗೆ ಮಿಡಿ ಹಳದಿಯಾಗಿ ಕೊಳೆತು ಉದುರುತ್ತದೆ. ಆದ್ದರಿಂದ ಪರಾಗವನ್ನು ಕೈಯಿಂದಲೇ ಮುಟ್ಟಿಸಬೇಕು. ಮರುದಿನ ಅರಳಲಿರುವ ಮೊಗ್ಗುಗಳ ತುದಿ ಹಿಂದಿನ ಸಂಜೆಯೇ ಹಸಿರು ಬಿಟ್ಟು ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ; ಅಂಥ ಒಂದು ಗಂಡು, ಒಂದು ಹೆಣ್ಣು ಮೊಗ್ಗನ್ನು ಹುಡುಕಿ, ಬಾಡಿಸಿದ ಬಾಳೆಎಲೆಯ ಚೂರನ್ನು ಕೊಟ್ಟೆಯಂತೆ ಸುತ್ತಿ, ಒಳಗೆ ಮಳೆನೀರು ಇಳಿಯದಂತೆ ಬಾಳೆನಾರಿನಿಂದ ಸಡಿಲವಾಗಿ ಕಟ್ಟಬೇಕು. ಬೆಳಗ್ಗೆ ಗಂಡು ಹೂವನ್ನು ಕೊಯ್ದು, ಎಸಳುಗಳನ್ನು ಹರಿದು ತೆಗೆದು, ನಡುವಿನ ದಂಟನ್ನು ಹೆಣ್ಣು ಹೂವಿನ ಒಳಗಿನ ಮೂರು ಸೀಳಾದ ಗಂಟಿನ ಸುತ್ತ ಮೆಲ್ಲಗೆ ಸವರಬೇಕು. ಪರಾಗ ಒಣಗಿದ್ದರೆ ಅರಿಶಿನದ ಪುಡಿಯಂತೆ ಅಂಟುತ್ತದೆ. ಒಂದು ಹನಿ ನೀರು ತಾಗಿದ್ದರೂ ಮುದ್ದೆಯಾಗಿ ಕೆಲಸ ಕೆಡುತ್ತದೆ. ಸವರಿದ ಮೇಲೆ ಕೊಟ್ಟೆಯನ್ನು ಮತ್ತೆ ಕಟ್ಟಿ ಬರಬೇಕು. ಒಂದು ಹೂವಿಗೆ ಐದು ನಿಮಿಷ ಸಾಕು.

ಆದರೆ ಐದು ನಿಮಿಷಕ್ಕೆಂದು ಹಿತ್ತಿಲ ಬಾಗಿಲು ದಾಟಿದವಳು ಐದು ನಿಮಿಷದಲ್ಲಿ ಮರಳಿದ ದಿನವಿಲ್ಲ. ಬದನೆ ಸಸಿಯ ಬುಡದಲ್ಲಿ ಬಸವನಹುಳು ಕಾಣುತ್ತದೆ. ಚಪ್ಪರದ ಒಂದು ಗೂಟ ವಾಲಿರುತ್ತದೆ. ಬಸಳೆಯ ಚಿಗುರನ್ನು ಇವತ್ತೇ ಕೊಯ್ಯದಿದ್ದರೆ ನಾಳೆ ಬಲಿಯುತ್ತದೆ ಎನ್ನಿಸುತ್ತದೆ. ಮುಂದೆ ಹಾಕಲು ಬಾರದಂಥ ಕೆಲಸಗಳೇ ಹಿತ್ತಿಲಿನಲ್ಲಿ ಕಣ್ಣಿಗೆ ಬೀಳುವುದು. ಬರವಣಿಗೆಯನ್ನಾದರೆ ಯಾವ ದಿನವೂ ನಾಳೆಗೆ ತಳ್ಳಬಹುದು. ತಳ್ಳಿದ್ದಕ್ಕೆ ಅಧ್ಯಾಯವೇನೂ ಬಾಡಿ ತೋರಿಸುವುದಿಲ್ಲ. 2018ರ ಜುಲೈ ತಿಂಗಳ ಎಡಪುಟಗಳು ತುಂಬಿ ತುಳುಕುತ್ತಿವೆ, ಬಲಪುಟಗಳಲ್ಲಿ ಹದಿನೇಳು ದಿನ ಸೊನ್ನೆಯಿದೆ.

ಎರಡು ಬದಲಾವಣೆಗಳಿಂದ ಇದು ಹದಕ್ಕೆ ಬಂತು. ಒಂದು ಪುಟವನ್ನಾದರೂ ಬರೆಯದೆ ಹಿತ್ತಿಲ ಬಾಗಿಲಿನ ಅಗಳಿ ತೆಗೆಯಬಾರದು ಎಂಬುದು ಮೊದಲನೆಯದು. ಇದನ್ನು ಅನೇಕರು ಅನೇಕ ರೀತಿಯಲ್ಲಿ ಹೇಳಿದ್ದಾರೆ, ವಿಸ್ತರಿಸುವುದಿಲ್ಲ. ಎರಡನೆಯದು ಹಿತ್ತಿಲಿನಿಂದಲೇ ಕಲಿತದ್ದು. ಹೀರೆಯ ಹೂವು ಅರಳುವುದು ಸಂಜೆ. ಸೋರೆಯೂ ಪಡವಲವೂ ಹಾಗೆಯೇ ಇಳಿಹೊತ್ತಿನ ಮೇಲೆ ಅರಳುವ ಹೂಗಳು. ಇಷ್ಟು ವರ್ಷ ಕಣ್ಣೆದುರಿಗಿದ್ದ ಈ ಸಂಗತಿಯನ್ನು ನಾನು 2019ರ ಮುಂಗಾರಿನಲ್ಲಿ ಮೊದಲ ಬಾರಿಗೆ ಕೆಲಸಕ್ಕೆ ಹಚ್ಚಿಕೊಂಡೆ. ಗುಂಬಳದ ಪಾತಿಗಳನ್ನು ಆರರಿಂದ ಒಂದಕ್ಕೆ ಇಳಿಸಿ, ಆ ಜಾಗದಲ್ಲಿ ಹೀರೆ, ಸೋರೆಗಳನ್ನು ಹಾಕಿದೆ. ಬೆಳಗಿನ ಜಾವ ಕಾದಂಬರಿಗೆ ಉಳಿಯಿತು. ಸಂಜೆ ಐದೂವರೆಯಿಂದ ಕತ್ತಲಾಗುವವರೆಗೆ ಚಪ್ಪರದ ಕೆಳಗೆ, ಹಳದಿ ಹೂಗಳು ಒಂದೊಂದಾಗಿ ಬಿಚ್ಚಿಕೊಳ್ಳುವುದನ್ನು ನೋಡುತ್ತ, ನಿಧಾನವಾಗಿ ಪರಾಗ ಸವರುವ ಕೆಲಸ. ಮಳೆಗಾಲದಲ್ಲಿ ಗುಂಬಳದ ಹುಳಿ ತಿನ್ನುವುದು ನಮ್ಮ ಮನೆಯಲ್ಲಿ ಕಡಿಮೆಯಾಯಿತು. ಕಾದಂಬರಿಗಾಗಿ ಮನೆಯವರೆಲ್ಲ ಬಿಟ್ಟುಕೊಟ್ಟದ್ದು ಅದೊಂದೇ ಎಂದಲ್ಲ. ಆದರೆ ಲೆಕ್ಕ ಇಟ್ಟು ತೋರಿಸಬಹುದಾದದ್ದು ಅದು.

ವರ್ಷದ ಉಳಿದ ಹಂಚಿಕೆಯೂ ಹೀಗೆಯೇ ಸ್ವಲ್ಪ ಸ್ವಲ್ಪವಾಗಿ ಸಿದ್ಧವಾಯಿತು. ನಮ್ಮ ಕಡೆ ಈಗಲೂ ಹಳಬರು ಕೆಲಸವನ್ನು ತಿಂಗಳ ಲೆಕ್ಕಕ್ಕಿಂತ ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಹೇಳುತ್ತಾರೆ. ಮೇ ಕೊನೆಯ ವಾರದ ರೋಹಿಣಿಯಿಂದ ತೊಡಗಿ ಸುಮಾರು ಹದಿನಾಲ್ಕು ದಿನಕ್ಕೊಂದರಂತೆ ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಖೆ, ಹುಬ್ಬೆ ಎಂದು ಸಾಗಿ ನವೆಂಬರಿನ ವಿಶಾಖದವರೆಗೆ ಹೋಗುವ ಈ ಲೆಕ್ಕವನ್ನು ನಾನೂ ನೋಟ್‌ಬುಕ್ಕಿಗೆ ತಂದುಕೊಂಡೆ. ಜೂನ್ ಒಂದು, ಜುಲೈ ಒಂದು ಎಂದು ಗುರಿ ಹಾಕಿಕೊಂಡಾಗ ಸದಾ ತಪ್ಪುತ್ತಿತ್ತು. ಮೃಗಶಿರದೊಳಗೆ ಸಸಿ ನೆಟ್ಟು ಮುಗಿಸಿ, ಆರಿದ್ರೆಯ ಮೊದಲ ದಿನದಿಂದ ಹೊಸ ಅಧ್ಯಾಯ ಎಂದುಕೊಂಡಾಗ ಹೆಚ್ಚು ವರ್ಷ ನಡೆಯಿತು. ಮೇ ತಿಂಗಳಿನಲ್ಲಿ ನಾನು ಬರೆಯುವುದಿಲ್ಲ. ಅದು ಅಗೆಯುವ, ಸುಡುಮಣ್ಣು ಮಾಡುವ, ಪಾತಿಗೆ ಗೊಬ್ಬರ ಹೊರುವ, ಚಪ್ಪರ ಕಟ್ಟುವ, ಡೇರೆ ಗೆಡ್ಡೆ ಬಿಡಿಸುವ ತಿಂಗಳು. ನವೆಂಬರಿನಿಂದ ಜನವರಿಯವರೆಗೆ ಅಡಿಕೆ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು. ಮನೆಯಲ್ಲಿ ಹತ್ತು ಜನಕ್ಕೆ ಊಟ. ಆಗ ಬರೆದದ್ದನ್ನು ಕಂಪ್ಯೂಟರಿಗೆ ಏರಿಸುವಂಥ, ನಡುನಡುವೆ ಎದ್ದು ಹೋದರೂ ಕೆಡದ ಕೆಲಸ ಮಾತ್ರ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬೆಳಗ್ಗೆ ಸಂಜೆ ನೀರು ಹಾಕುವುದು, ಮಧ್ಯಾಹ್ನ ತಿದ್ದುವುದು. ಬಿಸಿಲಿನ ಹೊತ್ತಿನಲ್ಲಿ ನನಗೆ ಹೊಸ ವಾಕ್ಯ ಹುಟ್ಟುವುದಿಲ್ಲ; ಹಳೆಯದರ ದೋಷ ಮಾತ್ರ ಚೆನ್ನಾಗಿ ಕಾಣುತ್ತದೆ. ಮೊದಲ ಬರವಣಿಗೆ ಎಲ್ಲವೂ ಆರಿದ್ರೆಯಿಂದ ಹುಬ್ಬೆಯ ನಡುವಿನ ಎಂಬತ್ತು ದಿನಗಳದ್ದೇ.

ಮಳೆಗಾಲದಲ್ಲಿ ಬರೆಯುವುದು ಸುಖ ಎಂದು ಕೇಳಿದವರು ಭಾವಿಸುತ್ತಾರೆ. ಹಂಚಿನ ಮಾಡು, ಮಳೆಯ ಸದ್ದು, ಬಿಸಿ ಕಷಾಯ ಎಲ್ಲವೂ ನಿಜ. ಹಾಗೆಯೇ ಕಾಗದ ತೇವ ಹೀರಿ ಮೆತ್ತಗಾಗುತ್ತದೆ, ಶಾಯಿ ಹರಡುತ್ತದೆ, ಎರಡು ದಿನ ಮುಟ್ಟದ ಪುಸ್ತಕದ ಬೆನ್ನಿನ ಮೇಲೆ ಬೂಷ್ಟು ಹತ್ತುತ್ತದೆ ಎಂಬುದೂ ನಿಜ. ಬರೆದ ಹಾಳೆಗಳನ್ನು ನಾನು ಅಡಿಗೆ ಒಲೆಯ ಮೇಲಿನ ಅಟ್ಟದಲ್ಲಿ, ಅತ್ತೆಯವರು ಬೀಜ ತುಂಬಿಡುತ್ತಿದ್ದ ಸೋರೆ ಬುರುಡೆಗಳ ಪಕ್ಕದಲ್ಲಿ ಇಡಲು ತೊಡಗಿದ್ದು ಆ ಕಾರಣಕ್ಕೆ. ಬೀಜವನ್ನು ಹುಳುವಿನಿಂದ ಕಾಯುವ ಹೊಗೆಯೇ ಹಾಳೆಯನ್ನೂ ಬೂಷ್ಟಿನಿಂದ ಕಾಯಿತು. ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಈಗ ತೆರೆದರೂ ಹೊಗೆಯ ವಾಸನೆ ಬರುತ್ತದೆ.

ಎರಡನೆಯ ನೋಟ್‌ಬುಕ್ಕಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದು 2018ರ ದೀಪಾವಳಿಯಿಂದ 2019ರ ದೀಪಾವಳಿಯವರೆಗಿನದು. ಆ ಚಳಿಗಾಲದಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ನಮ್ಮ ಕಡೆಯವರಿಗೆ ಹೊಸದಲ್ಲ. ಆದರೆ ಆ ವರ್ಷದ ಸಾವುಗಳು ಊರೂರಿಗೆ ಭಯ ಹುಟ್ಟಿಸಿದವು. ಅದು ಹರಡುವುದು ಕಾಡಿನ ಉಣುಗುಗಳಿಂದ, ಅದೂ ಒಣ ತಿಂಗಳುಗಳಲ್ಲಿ. ತರಗೆಲೆಯ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಮರಿ ಉಣುಗುಗಳು ಇರುವ ಕಾಲವೇ ನಾವು ಸೊಪ್ಪಿನ ಬೆಟ್ಟಕ್ಕೆ ಹೋಗಿ ತರಗೆಲೆ ಗುಡಿಸಿ ತರುವ ಕಾಲ. ಆರೋಗ್ಯ ಇಲಾಖೆಯವರು ಲಸಿಕೆ ಹಾಕಿದರು, ಮೈಗೆ ಹಚ್ಚಿಕೊಳ್ಳಲು ಎಣ್ಣೆ ಕೊಟ್ಟರು. ಆದರೂ ಅತ್ತೆಯವರು ಬೆಟ್ಟದ ಕಡೆಗೆ ಯಾರೂ ಹೋಗಕೂಡದೆಂದು ಕಟ್ಟುನಿಟ್ಟಾಗಿ ಹೇಳಿದರು. ತರಗೆಲೆ ಬರಲಿಲ್ಲ. ಕೊಟ್ಟಿಗೆಗೆ ಹಾಸಲು ಇಲ್ಲ, ಗೊಬ್ಬರವಿಲ್ಲ, ಪಾತಿಗೆ ಹೊದಿಸಲು ಇಲ್ಲ. ಹಿತ್ತಿಲನ್ನು ಆ ಬೇಸಿಗೆ ಹಾಗೆಯೇ ಬಿಟ್ಟೆವು.

ನನಗೆ ಹಗಲೆಲ್ಲ ಬಿಡುವು. ಮೆತ್ತಿನ ಮೇಲೆ ಕಿಟಕಿಯ ಪಕ್ಕ ಕೂತು ಬರೆಯಬೇಕೆಂದು ನಾನು ವರ್ಷಗಟ್ಟಲೆ ಬಯಸಿದ್ದ ಬಿಡುವು ಅದು. 2019ರ ಜನವರಿಯಿಂದ ಮೇ ಕೊನೆಯವರೆಗೆ ಬರೆದದ್ದು ಹನ್ನೊಂದು ಪುಟ. ಅದರಲ್ಲಿಯೂ ಏಳನ್ನು ಆಮೇಲೆ ಹರಿದು ಹಾಕಿದೆ.

ಅದೇ ವರ್ಷದ ಆಗಸ್ಟ್ ಮೊದಲ ವಾರದಲ್ಲಿ ರಾಜ್ಯದ ಅನೇಕ ಕಡೆ ನೆರೆ ಬಂದದ್ದು ಎಲ್ಲರಿಗೂ ನೆನಪಿರಬಹುದು. ‘ಆಶ್ಲೇಷ ಮಳೆ ಈಸಲಾರದ ಹೊಳೆ’ ಎಂಬ ಗಾದೆಯನ್ನು ನಾನು ಆವರೆಗೆ ಬಾಯಿಮಾತಾಗಿ ಮಾತ್ರ ಬಲ್ಲೆ. ಒಂಬತ್ತು ದಿನ ವಿದ್ಯುತ್ ಇರಲಿಲ್ಲ. ಹಿತ್ತಿಲಿನ ಕೊನೆಯ ದರೆ ಜರಿದು ಬದನೆ ಪಾತಿಗಳನ್ನು ಹೂತು ಹಾಕಿತು. ಹಗಲೆಲ್ಲ ಕಂಬಳಿಕೊಪ್ಪೆ ಹಾಕಿಕೊಂಡು ಮನೆಯವರೂ ನಾನೂ ನೀರು ಹೋಗಲು ಕಾಲುವೆ ಬಿಡಿಸುವುದು, ಬಿದ್ದ ಚಪ್ಪರವನ್ನು ಎತ್ತಿ ಕಟ್ಟುವುದು, ಉಳಿದ ಸಸಿಗಳನ್ನು ಕಿತ್ತು ಎತ್ತರದ ಜಾಗಕ್ಕೆ ಸಾಗಿಸುವುದು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಎಣ್ಣೆ ದೀಪದ ಬೆಳಕಿನಲ್ಲಿ, ಒಲೆಯ ಎದುರು ಕೂತು ಕೈಯಿಂದ ಬರೆದೆ. ಆ ಜುಲೈ, ಆಗಸ್ಟ್ ಎರಡು ತಿಂಗಳಲ್ಲಿ ಅರುವತ್ತನಾಲ್ಕು ಪುಟ. ಪುಸ್ತಕದಲ್ಲಿ ನಾನು ಇವತ್ತಿಗೂ ನಂಬುವ ಪುಟಗಳು ಅವೇ.

ತೋಟದ ಕೆಲಸ ಮನಸ್ಸಿಗೆ ವಿಶ್ರಾಂತಿ, ಅದರಿಂದ ಬರವಣಿಗೆಗೆ ಸ್ಫೂರ್ತಿ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅಗೆಯುವುದು ದುಡಿಮೆ, ಸಂಜೆ ಸೊಂಟ ನೋಯುತ್ತದೆ, ಬೆರಳ ಸಂದಿ ಒಡೆದು ಪೆನ್ನು ಹಿಡಿಯುವುದು ಕಷ್ಟವಾಗುತ್ತದೆ. 2019ರ ಮೊದಲರ್ಧ ಬತ್ತಿಹೋದದ್ದಕ್ಕೆ ಹಿತ್ತಿಲು ಖಾಲಿಯಿದ್ದದ್ದೇ ಕಾರಣವೆಂದು ಸಾಧಿಸಲೂ ಆರೆ. ಭಯವೂ ಒಂದು ಕಾರಣವಾಗಿರಬಹುದು. ಆದರೆ ಉಳಿದ ನೋಟ್‌ಬುಕ್‌ಗಳಲ್ಲಿಯೂ ಎಡಪುಟ ತಿಂಗಳುಗಟ್ಟಲೆ ಖಾಲಿ ಇರುವ ಕಡೆ ಬಲಪುಟ ತುಂಬಿದ್ದು ಒಂದೂ ಇಲ್ಲ. ಮಳೆ ಕೈಕೊಟ್ಟ 2023ರಲ್ಲಿಯೂ ಹೀಗೆಯೇ ಆಯಿತು. ಆ ವರ್ಷದ ಆಗಸ್ಟ್ ಇಡೀ ದೇಶಕ್ಕೆ 1901ರಿಂದ ಈಚೆಗೆ ದಾಖಲಾದ ಅತ್ಯಂತ ಒಣ ಆಗಸ್ಟ್. ಆಶ್ಲೇಷ ಹೋಗಿ, ‘ಮಖೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು’ ಎನ್ನುವ ಮಖೆಯೂ ಒಣಗಿ ಹೋಯಿತು. ಮಳೆಗಾಲದ ನಡುವೆ ಬಾವಿಯಿಂದ ನೀರು ಸೇದಿ ಹಾಕುವ ಸ್ಥಿತಿ; ಮೂರು ವಾರದ ಮೇಲೆ ಅದನ್ನೂ ಬಿಟ್ಟೆ. ಎರಡನೆಯ ಕಾದಂಬರಿಯ ಮೊದಲ ಅಧ್ಯಾಯಗಳಿಗೆಂದು ಎತ್ತಿಟ್ಟಿದ್ದ ಆ ಎಂಬತ್ತು ದಿನಗಳೂ ಹಾಗೆಯೇ ಸರಿದವು.

ಇನ್ನು ನನ್ನ ಪಾಲಿಗೆ ಇಡೀ ಸಂಗತಿಯ ಜೀವವಾದ ಮೊಗೆಕಾಯಿಯ ವಿಷಯ.

ನನ್ನ ಮೊದಲ ಕಾದಂಬರಿ ಮುಳುಗಡೆಯನ್ನು ಕುರಿತದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಏರಿದಾಗ ಮುಳುಗಿದ ಊರುಗಳಲ್ಲಿ ಅತ್ತೆಯವರ ತವರೂ ಒಂದು. ಮಳೆಗಾಲದಲ್ಲಿ ಅವರು ಪ್ರತಿದಿನ ಪತ್ರಿಕೆ ಬಂದ ಕೂಡಲೇ ಕೇಳುತ್ತಿದ್ದುದು ಒಂದೇ, ಲಿಂಗನಮಕ್ಕಿ ನೀರು ಎಷ್ಟಾಯಿತು ಎಂದು. 1819 ಅಡಿ ತುಂಬಿದ ಮಟ್ಟ. ಸಾವಿರದ ಎಂಟುನೂರು ದಾಟಿತು ಎಂದರೆ ಅವರು ಮತ್ತೇನೂ ಹೇಳದೆ ಒಳಗೆ ಹೋಗುತ್ತಿದ್ದರು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದೇ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಂಡಿತೆಂದು ಜನ ನೋಡಲು ಹೋದರೆ ಅವರು ಹೋಗಲಿಲ್ಲ. ಕಾದಂಬರಿಗೆಂದು ನಾನು ಎರಡು ವರ್ಷ ಅವರನ್ನು ಕೇಳಿದೆ. ನೋಟ್‌ಬುಕ್ಕು ಹಿಡಿದು ಎದುರಿಗೆ ಕೂತರೆ, ‘ಎಂತದ್ದೂ ನೆನಪಿಲ್ಲ ಮಾರಾಯ್ತಿ’ ಎಂದು ಎದ್ದುಬಿಡುತ್ತಿದ್ದರು.

2020ರ ಏಪ್ರಿಲ್. ಲಾಕ್‌ಡೌನ್ ಆಗಿ ಊರಿಗೆ ಯಾರೂ ಬರುವಂತಿರಲಿಲ್ಲ, ಕೆಲಸಕ್ಕೂ ಜನವಿರಲಿಲ್ಲ. ಗದ್ದೆಯಂಚಿನ ಮೊಗೆಕಾಯಿ ಹಣ್ಣಾಗಿತ್ತು. ಚೆನ್ನಾಗಿ ಬಲಿತ ಮೊಗೆಕಾಯಿಯನ್ನು ಬಾಳೆಪಟ್ಟೆಯ ಬಲೆ ಹೆಣೆದು ಅಟ್ಟದ ಬಿದಿರಿಗೆ ತೂಗುಹಾಕಿದರೆ ಮಳೆಗಾಲದುದ್ದಕ್ಕೂ, ಬೇರೆ ತರಕಾರಿ ಇಲ್ಲದ ದಿನಗಳಲ್ಲಿ, ಸಾಂಬಾರಿಗೂ ತಂಬುಳಿಗೂ ಆಗುತ್ತದೆ. ಬೀಜಕ್ಕೆಂದು ಮೊದಲು ಹಣ್ಣಾದ, ಆಕಾರ ಕೆಡದ ಕಾಯಿಗಳನ್ನು ಬೇರೆ ಇಡುತ್ತಾರೆ. ಅದನ್ನು ಸೀಳಿ, ತಿರುಳಿನ ಜೊತೆಗೇ ಬೀಜವನ್ನು ಒಂದು ರಾತ್ರಿ ನೀರಿನಲ್ಲಿಟ್ಟು, ಬೆಳಗ್ಗೆ ತೊಳೆದು, ತೇಲಿದ ಜಳ್ಳನ್ನು ಚೆಲ್ಲಿ, ಉಳಿದದ್ದನ್ನು ಸಗಣಿ, ಬೂದಿಗಳ ಜೊತೆ ಕಲಸಿ, ಬೆರಣಿಯಂತೆ ಗೋಡೆಗೆ ತಟ್ಟಬೇಕು. ಒಣಗಿದ ಮೇಲೆ ಅದು ಅಲ್ಲಿಯೇ ಇರುತ್ತದೆ. ಇಲಿಯಾಗಲಿ ಹುಳುವಾಗಲಿ ಮುಟ್ಟುವುದಿಲ್ಲ. ಬಿತ್ತುವಾಗ ಕೆರೆದು ತೆಗೆದರಾಯಿತು.

ಅತ್ತೆಯವರಿಗೆ ಆಗ ಕೈ ಎತ್ತಲು ಕಷ್ಟವಾಗುತ್ತಿತ್ತು. ಕೆಳಗೆ ಮಣೆಯ ಮೇಲೆ ಕೂತು ಅವರು ಉಂಡೆ ಮಾಡಿಕೊಡುತ್ತಿದ್ದರು, ನಾನು ಕೊಟ್ಟಿಗೆಯ ಗೋಡೆಗೆ ತಟ್ಟುತ್ತಿದ್ದೆ. ಆರನೆಯದೋ ಏಳನೆಯದೋ ಉಂಡೆಯನ್ನು ಕೈಗೆ ಕೊಡುತ್ತ, ಯಾರೂ ಏನೂ ಕೇಳಿರಲಿಲ್ಲ, ಅವರು ಹೇಳಿದರು: ‘ನೀರು ಬರ್ತದೆ ಅಂತ ಗೊತ್ತಾದ ಮೇಲೆ ಅಮ್ಮ ಮೊದ್ಲು ಪಾತ್ರೆ ಕಟ್ಲಿಲ್ಲ. ಮೊದ್ಲು ಗೋಡೆ ಕೆರೆದಳು.’

ನಾನು ತಿರುಗಿ ನೋಡದೆ ಗೋಡೆಗೆ ತಟ್ಟುತ್ತಲೇ ಇದ್ದೆ. ತಿರುಗಿದರೆ ಮಾತು ನಿಲ್ಲಬಹುದೆಂಬ ಅಂಜಿಕೆ. ಅವರು ಹೇಳುತ್ತ ಹೋದರು. ಮುಳುಗಲಿದ್ದ ಮನೆಯ ಗೋಡೆಯಿಂದ ಕಿತ್ತ ಬೀಜದ ಬೆರಣಿಗಳನ್ನು ಅಕ್ಕಿ ಅಳೆಯುವ ಕೊಳಗದಲ್ಲಿ ಬೂದಿಯ ನಡುವೆ ಇಟ್ಟು ತಂದದ್ದು, ಡೇರೆ ಗೆಡ್ಡೆಗಳನ್ನು ಹಳೆಯ ಸೀರೆಯಲ್ಲಿ ಗಂಟು ಕಟ್ಟಿದ್ದು, ಸರ್ಕಾರ ಕೊಟ್ಟ ಹೊಸ ಜಾಗ ಶಿವಮೊಗ್ಗದ ಕಡೆಯ ಬಯಲಾದ್ದರಿಂದ ಅಲ್ಲಿ ಡೇರೆ ಎರಡು ವರ್ಷ ಹೂ ಬಿಡದೆ ಇದ್ದದ್ದು, ಮದುವೆಯಾಗಿ ಈ ಮನೆಗೆ ಬರುವಾಗ ಅವರು ತವರಿನಿಂದ ಕೇಳಿ ತಂದದ್ದು ಬೀಜ ಮತ್ತು ಗೆಡ್ಡೆಗಳನ್ನು ಮಾತ್ರ ಎಂಬುದು. ಗೋಡೆ ತುಂಬುವ ಹೊತ್ತಿಗೆ ಮಾತೂ ಮುಗಿದಿತ್ತು. ಆ ರಾತ್ರಿ ನೋಟ್‌ಬುಕ್ಕಿನಲ್ಲಿ ಎಡಪುಟ, ಬಲಪುಟ ಎಂಬ ಭೇದ ಉಳಿಯಲಿಲ್ಲ. ಎರಡೂ ಕಡೆ ಒಂದೇ ಬರಹವಿದೆ. ಕಾದಂಬರಿಯ ನಡುವಿನ ಅಧ್ಯಾಯ ಅದು. ಎರಡು ವರ್ಷ ಎದುರಿಗೆ ಕೂತು ಕೇಳಿದರೂ ದಕ್ಕದಿದ್ದದ್ದು ಕೈ ಸಗಣಿಯಲ್ಲಿದ್ದಾಗ ದಕ್ಕಿತು.

ಡೇರೆ ಗೆಡ್ಡೆಯ ವಿಷಯದಲ್ಲಿಯೂ ಅಂದು ಒಂದು ಮಾತು ಹೇಳಿದ್ದರು. ಗೆಡ್ಡೆ ಎಷ್ಟೇ ದಪ್ಪವಾಗಿರಲಿ, ಅದು ದಂಟಿಗೆ ಕೂಡುವ ಕುತ್ತಿಗೆಯಲ್ಲಿ ಕಣ್ಣು ಇಲ್ಲದಿದ್ದರೆ ಚಿಗುರುವುದಿಲ್ಲ. ಅವಸರದಲ್ಲಿ ಕೆರೆದ ಅವರ ಅಮ್ಮ ಕುತ್ತಿಗೆ ಮುರಿದ ಗೆಡ್ಡೆಗಳನ್ನೂ ಗಂಟಿಗೆ ಹಾಕಿದ್ದರಂತೆ. ಈಗ ಮೇ ತಿಂಗಳಲ್ಲಿ ಗೆಡ್ಡೆ ಬಿಡಿಸುವಾಗ ನಾನು ಒಂದೊಂದನ್ನೂ ಬೆಳಕಿಗೆ ಹಿಡಿದು, ಸಾಸಿವೆ ಕಾಳಿನಷ್ಟು ಉಬ್ಬಿದ ಆ ಕಣ್ಣನ್ನು ನೋಡಿಯೇ ಕತ್ತಿ ಇಡುತ್ತೇನೆ.

ಅತ್ತೆಯವರು 2021ರ ಫೆಬ್ರುವರಿಯಲ್ಲಿ ತೀರಿಕೊಂಡರು. ಆ ಬೇಸಿಗೆ ಬೀಜ ತಟ್ಟಿದೆ, ಒಬ್ಬಳೇ. 2022ರ ಯುಗಾದಿಯೊಳಗೆ ಹಸ್ತಪ್ರತಿ ಕೊಡಬೇಕೆಂದು ಪ್ರಕಾಶಕರೊಡನೆ ಮಾತಾಗಿತ್ತು. ಗೋಡೆಯ ಮೇಲಿದ್ದ ಬೀಜವನ್ನೆಲ್ಲ ಜನವರಿಯಲ್ಲಿ ಬಿತ್ತಿದೆ. ಆಮೇಲೆ ಫೆಬ್ರುವರಿ, ಮಾರ್ಚ್ ಎರಡು ತಿಂಗಳು ನೀರು ಹಾಕುವುದನ್ನು ದಿನ ಬಿಟ್ಟು ದಿನ, ಕೊನೆಗೆ ವಾರಕ್ಕೆ ಎರಡು ಸಲಕ್ಕೆ ಇಳಿಸಿ ತಿದ್ದುತ್ತ ಕೂತೆ. ಉಳಿದ ಬಳ್ಳಿಗಳ ಕಾಯಿಗಳಲ್ಲಿ ಒಂದಷ್ಟನ್ನು ಮಂಗಗಳು ಕಿತ್ತವು. ಕೈಗೆ ಬಂದದ್ದು ಆರು ಕಾಯಿ. ಬೀಜಕ್ಕೆಂದು ಬೇರೆ ಇಡಲಿಲ್ಲ. ಅಟ್ಟಕ್ಕೆ ಹಾಕಿದವುಗಳಿಂದ ತೆಗೆದರಾಯಿತು ಎಂದುಕೊಂಡೆ. ಮಳೆಗಾಲದಲ್ಲಿ ಕರಡಚ್ಚು ಬಂತು. ಅದನ್ನು ತಿದ್ದುವ ಗಡಿಬಿಡಿಯಲ್ಲಿ ಒಂದೊಂದಾಗಿ ಮೊಗೆಕಾಯಿ ಹೆಚ್ಚಿದೆ, ತಿರುಳನ್ನು ಬೀಜಸಮೇತ ಗೊಬ್ಬರಗುಂಡಿಗೆ ಹಾಕಿದೆ. ಆಗಸ್ಟಿನಲ್ಲಿ ಕೊನೆಯದನ್ನು ಇಳಿಸಿದಾಗ ಬೆರಳು ಒಳಗೆ ಹೋಯಿತು. ಸೀಳಿದರೆ ಬೀಜವೆಲ್ಲ ಕಪ್ಪಗಾಗಿ ನೀರೊಡೆದಿತ್ತು.

ಮುಳುಗಡೆಯಿಂದ ಪಾರಾಗಿ ಬಂದ ಬೀಜ ಅದು. ಅದನ್ನು ಹೇಗೆ ಉಳಿಸಿದರೆಂಬುದನ್ನು ನಾನು ಪುಟಗಟ್ಟಲೆ ಬರೆದಿದ್ದೆ. ಬರೆಯುವ ಅವಸರದಲ್ಲಿಯೇ ನನ್ನ ಕೈಯಿಂದ ಹೋಯಿತು. ನವೆಂಬರಿನಲ್ಲಿ ಪುಸ್ತಕ ಬಂದಾಗ ಮೊದಲ ಪ್ರತಿಯನ್ನು ಅತ್ತೆಯವರ ಭಾವಚಿತ್ರದ ಎದುರಿಗಿಟ್ಟೆ. ಕೊಟ್ಟಿಗೆಯ ಕಡೆಗೆ ಹೋಗಿ ಆ ಗೋಡೆಯನ್ನು ನೋಡಲು ಆ ದಿನ ನನ್ನಿಂದ ಆಗಲಿಲ್ಲ.

ಆ ಡಿಸೆಂಬರಿನಲ್ಲಿ ಮದುವೆಯೊಂದರಲ್ಲಿ ಅತ್ತೆಯವರ ಓರಗೆಯ ಒಬ್ಬ ದೊಡ್ಡಮ್ಮ ಸಿಕ್ಕರು. ಹೇಳಿಕೊಳ್ಳಲು ನಾಚಿಕೆಯಾದರೂ ಹೇಳಿದೆ. ಅವರು ಊಟದ ಪಂಕ್ತಿಯಿಂದ ಎದ್ದವರೇ ನನ್ನನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಕೊಟ್ಟಿಗೆಯ ಹಿಂಗೋಡೆಯ ಮೇಲೆ ಅಂಗೈ ಗುರುತುಗಳಿದ್ದ ಬೆರಣಿಗಳು ಸಾಲಾಗಿದ್ದವು. ‘ನಿನ್ನ ಅತ್ತೆ ಕೊಟ್ಟದ್ದೇ ಇದು, ನನ್ನ ದೊಡ್ಡ ಮಗಳ ಬಾಣಂತನದ ವರ್ಷ. ನಿಮ್ಮನೆ ಬೀಜ ನಿಮಗೆ ಕೊಡ್ಲಿಕ್ಕೆ ಎಂತ ಕೇಳ್ತಿ’ ಎಂದು ಕತ್ತಿಯ ತುದಿಯಿಂದ ನಾಲ್ಕು ಬೆರಣಿ ಕೆರೆದು ಸೆರಗಿಗೆ ಹಾಕಿದರು. ಅಂದಿನಿಂದ ನಾನು ಪ್ರತಿ ಏಪ್ರಿಲಿನಲ್ಲಿ ಮೂರು ಮನೆಗೆ ಬೀಜ ಕೊಡುತ್ತೇನೆ. ಯಾರಿಗೆ, ಎಷ್ಟು ಎಂಬುದನ್ನು ಎಡಪುಟದಲ್ಲಿ ಬರೆಯುತ್ತೇನೆ. ಕಾದಂಬರಿಯ ಕೆಲಸ ಎಷ್ಟೇ ಒತ್ತಡದ್ದಿರಲಿ, ಮೊಗೆಕಾಯಿಯ ನೀರು ಮಾತ್ರ ಒಂದು ದಿನವೂ ತಪ್ಪುವುದಿಲ್ಲ. ಪ್ರಕಾಶಕರಿಗೂ ಈ ಸಲ ಯುಗಾದಿಯ ಮಾತು ಕೊಟ್ಟಿಲ್ಲ, ದಸರೆ ಎಂದಿದ್ದೇನೆ.

ಈ ವರ್ಷ, 2025ರಲ್ಲಿ, ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. ರೋಹಿಣಿ ಹುಟ್ಟುವ ಮೊದಲೇ ನಮ್ಮಲ್ಲಿಯೂ ಮಳೆ ಹಿಡಿಯಿತು. ಅಗೆತ ಅರ್ಧಕ್ಕೇ ನಿಂತಿತ್ತು, ಸುಡುಮಣ್ಣು ಹಸಿಯಾಯಿತು, ಚಪ್ಪರವನ್ನು ಮಳೆಯಲ್ಲಿ ನೆನೆದುಕೊಂಡೇ ಕಟ್ಟಿದೆವು. ಬರವಣಿಗೆಯನ್ನು ಆರಿದ್ರೆಗೆಂದು ಕಾಯಿಸದೆ ಮೃಗಶಿರದಲ್ಲಿಯೇ ತೊಡಗಿದೆ. ಹದಿನೈದು ದಿನ ಎರಡೂ ಸರಿಹೋಗಲಿಲ್ಲ: ಬೆಂಡೆ ಬೀಜ ಎರಡು ಸಲ ಕೊಳೆಯಿತು, ಮೊದಲ ಅಧ್ಯಾಯವನ್ನು ಮೂರು ಸಲ ಬರೆದೆ. ಪುನರ್ವಸುವಿನ ಹೊತ್ತಿಗೆ ಎರಡೂ ನೆಲೆಗೆ ಬಂದವು.

ಈಗ ಆಶ್ಲೇಷ ನಡೆಯುತ್ತಿದೆ. ಇವತ್ತು ಬೆಳಗ್ಗೆ ಎರಡೂವರೆ ಪುಟ. ಅಟ್ಟದಲ್ಲಿ ಹನ್ನೊಂದು ಮೊಗೆಕಾಯಿಗಳು ತೂಗುತ್ತಿವೆ. ಗೋಡೆಯ ಮೇಲೆ ಬೀಜವಿದ್ದರೂ ಇರಲಿ ಎಂದು ಅವುಗಳಲ್ಲಿ ಎರಡಕ್ಕೆ ಕೆಂಪು ದಾರ ಕಟ್ಟಿದ್ದೇನೆ. ಪತ್ರಿಕೆ ಬಂದ ಮೇಲೆ ಲಿಂಗನಮಕ್ಕಿಯ ಮಟ್ಟವನ್ನು ನೋಡಿ ಎಡಪುಟದ ಮೂಲೆಯಲ್ಲಿ ಬರೆದಿಟ್ಟೆ. ಐದು ಗಂಟೆಯಾಗುತ್ತ ಬಂತು. ಚಪ್ಪರದ ಬಡಗು ಮೂಲೆಯಲ್ಲಿ ನಿನ್ನೆ ಗುರುತು ಮಾಡಿದ ನಾಲ್ಕು ಹೀರೆ ಮೊಗ್ಗುಗಳಿವೆ.